ಇಲ್ಲಿ ಅಕ್ಕಿಕಾಳು, ಅಲ್ಲಿ ಗೇಣು

ಬ್ಯಾಡಗಿ ಸುತ್ತಿನ ಹಳ್ಳಿಗಳಲ್ಲಿ ಹೊಲಕ್ಕೆ ಬೇಲಿ ಹಾಕುವುದನ್ನು ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಮೊದಲು ಎರಡು ಗೂಟ ನೆಡುತ್ತಾರೆ. ಅನುಭವಿಯೊಬ್ಬ ಮೊದಲ ಗೂಟದ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ, ದೂರದಲ್ಲಿ ಮೂರನೆಯ ಗೂಟ ಹಿಡಿದು ನಿಂತವನಿಗೆ ಕೂಗಿ ಹೇಳುತ್ತಾನೆ: "ಎಡಕ್ಕ ಸರಿಸೋ... ಇನ್ನಾ ಒಂಚೂರು... ಹ್ಞಾಂ, ಸಾಕು, ಬಡಿ!" ಮುಂದಿನ ಎರಡೂ ಗೂಟಗಳು ಮೊದಲನೆಯದರ ಮರೆಯಲ್ಲಿ ಅಡಗಿದರೆ ಮೂರೂ ಒಂದೇ ಸಾಲಿನಲ್ಲಿವೆ ಎಂದು ಲೆಕ್ಕ. ಟೇಪು ಬೇಡ, ದಾರ ಬೇಡ. ಬೆಳಕು ನೇರವಾಗಿ ಚಲಿಸುತ್ತದೆ ಎಂದು ಹೈಸ್ಕೂಲು ಪುಸ್ತಕದಲ್ಲಿ ಒಂದೇ ಸಾಲಿಗೆ ಮುಗಿದುಹೋಗುವ ನಿಯಮವೇ ಇಲ್ಲಿ ದಾರದ ಕೆಲಸ ಮಾಡುತ್ತದೆ.

ಬಂದೂಕಿನಲ್ಲಿ ಗುರಿ ಹಿಡಿಯುವ ಏರ್ಪಾಡು ಈ ಬೇಲಿಯ ಗೂಟಗಳಿಗಿಂತ ಬೇರೆಯಲ್ಲ. ಎರಡು ಗೂಟಗಳು ನಳಿಗೆಯ ಮೇಲೆಯೇ ಕುಳಿತಿರುತ್ತವೆ, ಮೂರನೆಯದು ಗುರಿ. ಕಣ್ಣಿಗೆ ಹತ್ತಿರವಿರುವುದು ನಡುವೆ ಕಚ್ಚು ಕೊರೆದ ಸಣ್ಣ ಕಬ್ಬಿಣದ ಪಟ್ಟಿ. ಎನ್‌ಸಿಸಿ ಹುಡುಗರ ಬಾಯಲ್ಲಿ ಅದು ಬ್ಯಾಕ್‌ಸೈಟ್. ನಳಿಗೆಯ ತುದಿಯಲ್ಲಿ ಮೊಳೆಯ ಹಾಗೆ ಎದ್ದುನಿಂತಿರುವುದು ಫೋರ್‌ಸೈಟ್. ಈ ಭಾಗದ ಕಾಲೇಜುಗಳಲ್ಲಿ ಎನ್‌ಸಿಸಿ ಸೇರಿ, ಶಿಬಿರದಲ್ಲಿ ಪಾಯಿಂಟ್ ಟೂಟೂ ರೈಫಲ್ ಹಿಡಿದು 25 ಗಜ ದೂರದ ಗುರಿಹಲಗೆಯ ಮುಂದೆ ಹೊಟ್ಟೆಯ ಮೇಲೆ ಮಲಗಿದವರಿಗೆಲ್ಲ ಈ ಎರಡು ಹೆಸರು ಗೊತ್ತು. ಅವುಗಳಲ್ಲಿ ಒಂದು ಮುರಿದರೆ, ಅದರ ಜಾಗದಲ್ಲಿ ಹೊಸದನ್ನು ಕೂರಿಸಬೇಕಾಗಿ ಬಂದರೆ ಏನೇನು ಲೆಕ್ಕ ನೋಡಬೇಕು ಎಂಬುದು ಮಾತ್ರ ಶಿಬಿರದಲ್ಲಿ ಹೇಳಿಕೊಡುವ ವಿಷಯವಲ್ಲ.

ಬ್ಯಾಡಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ 68 ವರ್ಷದ ಅಜ್ಜ ಒಬ್ಬರಿದ್ದಾರೆ ಎಂದು ಇಟ್ಟುಕೊಳ್ಳೋಣ. ಅವರ ತಂದೆಯ ಕಾಲದ ಒಂದು ರೈಫಲ್ ಮನೆಯಲ್ಲಿದೆ. ಲೈಸೆನ್ಸ್ ಕಾಲಕಾಲಕ್ಕೆ ನವೀಕರಣವಾಗಿದೆ. ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆದು ಬರುವುದೂ ರೂಢಿಯಾಗಿದೆ. ಈ ಕಡೆ ಲೈಸೆನ್ಸ್ ಇರುವ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಒಂಟಿ ನಳಿಗೆಯ ಅಥವಾ ಜೋಡು ನಳಿಗೆಯ ಬಂದೂಕು. ಅಜ್ಜನದು ಹಾಗಲ್ಲ, ಇಂಗ್ಲಿಷ್ ಸಿನಿಮಾಗಳಲ್ಲಿ ಕುದುರೆ ಸವಾರರ ಕೈಯಲ್ಲಿ ಕಾಣುವಂಥದ್ದು. ಟ್ರಿಗರಿನ ಕೆಳಗೆ ಬೆರಳು ತೂರಿಸುವ ಒಂದು ಸನ್ನೆ. ಅದನ್ನು ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದರೆ ಸುಟ್ಟ ತೋಟಾ ಹೊರಗೆ, ಹೊಸ ತೋಟಾ ಒಳಗೆ. ಇದನ್ನೇ ಲಿವರ್ ರೈಫಲ್ ಎನ್ನುವುದು.

ಈ ಜಾತಿಯಲ್ಲಿ ತುಂಬ ಹೆಸರಾದದ್ದು ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1894. ಅಂಥವು 70 ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಅದರ ಜನಪ್ರಿಯ ತೋಟಾದ ಹೆಸರು ಥರ್ಟಿ-ಥರ್ಟಿ. ಮೊದಲ ಮೂವತ್ತು ಎಂದರೆ ನಳಿಗೆಯ ಒಳವ್ಯಾಸ ಅಂಗುಲದ ನೂರರಲ್ಲಿ 30 ಭಾಗ. ಎರಡನೆಯದು, ಆರಂಭದಲ್ಲಿ ಅದರೊಳಗೆ ತುಂಬುತ್ತಿದ್ದ ಹೊಗೆರಹಿತ ಮದ್ದಿನ ತೂಕ, 30 ಗ್ರೇನ್. ಗ್ರೇನ್ ಎಂದರೆ ಕಾಳು. ನಮ್ಮ ಅಕ್ಕಸಾಲಿಗರು ಗುಲಗಂಜಿಯಲ್ಲಿ ತೂಗಿದಂತೆ ಯೂರೋಪಿನವರು ಧಾನ್ಯದ ಕಾಳಿನಲ್ಲಿ ತೂಗಿದರು. ಮೂವತ್ತು ಗ್ರೇನ್ ಸೇರಿದರೂ ಎರಡು ಗ್ರಾಂ ತುಂಬುವುದಿಲ್ಲ.

ಈ ರೈಫಲಿನಲ್ಲಿ ಸುಟ್ಟ ತೋಟಾ ನೆತ್ತಿಯ ಮೇಲಿಂದ ಹಾರುತ್ತದೆ. ಹಾಗಾಗಿ ನಡುನೆತ್ತಿಯ ಮೇಲೆ ದೂರದರ್ಶಕ ಕೂರಿಸಲು ಬರುವುದಿಲ್ಲ. ಕೂರಿಸಿದರೆ ತೋಟಾಕ್ಕೆ ದಾರಿ ಇಲ್ಲ. 1980ರ ದಶಕದಲ್ಲಿ ತೋಟಾ ಓರೆಯಾಗಿ ಹಾರುವಂತೆ ವಿನ್ಯಾಸ ತಿದ್ದುವವರೆಗೂ ಇದರ ಒಡೆಯರಿಗೆ ಕಬ್ಬಿಣದ ಆ ಎರಡು ಗೂಟಗಳೇ ಗತಿ. ಅಜ್ಜನ ರೈಫಲ್ ಹಳೆಯದು. ಪೆಟ್ಟಿಗೆಯಿಂದ ತೆಗೆಯುವಾಗ ಕೈಜಾರಿ ಕಲ್ಲುಹಾಸಿನ ಮೇಲೆ ಬಿದ್ದು ಫೋರ್‌ಸೈಟ್ ಮುರಿದಿದೆ.

"ಅಜ್ಜಾ, ಅದೇನ್ ದೊಡ್ಡ ಕೆಲಸಾ? ಒಂದು ಮೊಳಿ ತಂದು ವೆಲ್ಡಿಂಗ್ ಮಾಡಿಸಿದ್ರ ಆತು," ಎನ್ನುತ್ತಾನೆ ಹತ್ತನೆಯ ತರಗತಿಯ ಮೊಮ್ಮಗ.

ಆಗುವುದಿಲ್ಲ. ವೆಲ್ಡಿಂಗಿನ ಕಾವಿಗೆ ನಳಿಗೆಯ ಉಕ್ಕಿನ ಗುಣ ಕೆಡುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ರಿಪೇರಿಯನ್ನು ವೃತ್ತಿಯಾಗಿ ಮಾಡುವವನಿಗೂ ಪ್ರತ್ಯೇಕ ಲೈಸೆನ್ಸ್ ಇರಬೇಕು. ಊರ ಕಮ್ಮಾರ, ಗ್ಯಾರೇಜಿನ ಮೆಕ್ಯಾನಿಕ್ ಅದಕ್ಕೆ ಕೈಹಾಕುವಂತಿಲ್ಲ. ಕೊಡಗಿನವರಿಗೆ ಬಂದೂಕು ಇಟ್ಟುಕೊಳ್ಳುವ ವಿಷಯದಲ್ಲಿ ವಿನಾಯಿತಿ ಇದೆ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರ ಈ ಹಳೆಯ ಹಕ್ಕನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ರಾಜ್ಯದ ಹೈಕೋರ್ಟು ಎತ್ತಿಹಿಡಿಯಿತು. ಅಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಬಂದೂಕಿಗೆ ಹೂವಿಟ್ಟು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಹಾವೇರಿಯ ಅಜ್ಜನಿಗೆ ಆ ವಿನಾಯಿತಿ ಇಲ್ಲ. ಈ ಭಾಗದಲ್ಲಿ ಬಂದೂಕಿನ ಮಾತು ಬಂದರೆ ಹಿರಿಯರಿಗೆ ನೆನಪಾಗುವುದು 1943ರ ಏಪ್ರಿಲ್ 1. ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು ಅಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದರು. ದಂಡಿಯವರೆಗೆ ಗಾಂಧೀಜಿಯೊಡನೆ ನಡೆದಿದ್ದ ಅವರಿಗೆ 32 ತುಂಬಿರಲಿಲ್ಲ. ಬಂದೂಕು ಆಟಿಕೆಯಲ್ಲ ಎಂದು ಈ ನೆಲದ ಮಕ್ಕಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಸರಿ, ಅಜ್ಜ ಲೈಸೆನ್ಸ್ ಇರುವ ರಿಪೇರಿಯವನಲ್ಲಿಗೇ ಹೋದರು. ಅವನು ಹೊಸ ಫೋರ್‌ಸೈಟ್ ಕೂರಿಸಿಕೊಟ್ಟ. ಮುರಿದ ತುಂಡು ಸಿಕ್ಕಿರಲಿಲ್ಲವಾದ್ದರಿಂದ ಹಳೆಯದರ ಎತ್ತರ ಯಾರಿಗೂ ಗೊತ್ತಿಲ್ಲ. ಗುಂಡು ಹಾರಿಸುವ ಮೈದಾನದಲ್ಲಿ 50 ಮೀಟರ್ ದೂರಕ್ಕೆ ಪರೀಕ್ಷಿಸಿದರೆ, ಗುಂಡುಗಳು ಗುರಿಯ ಕಪ್ಪು ಚುಕ್ಕೆಯಿಂದ ಸುಮಾರು ಒಂದು ಗೇಣು ಕೆಳಗೆ! ರೈಫಲ್ ಹಾಳಾಯಿತೆಂದು ಅಜ್ಜ ಅಂದುಕೊಂಡರು. ರೈಫಲಿಗೆ ಏನೂ ಆಗಿಲ್ಲ. ಆಗಿರುವುದು ಒಂದು ತ್ರಿಭುಜದ ಲೆಕ್ಕ, ಮೊಮ್ಮಗನ ಗಣಿತ ಪುಸ್ತಕದಲ್ಲೇ ಇರುವ ಸಮರೂಪ ತ್ರಿಭುಜ.

ಬ್ಯಾಕ್‌ಸೈಟಿನಿಂದ ಫೋರ್‌ಸೈಟಿಗೆ ಇರುವ ದೂರ 400 ಮಿಲಿಮೀಟರ್ ಎನ್ನಿ. ಗುರಿ ಇರುವುದು 50,000 ಮಿಲಿಮೀಟರ್ ದೂರದಲ್ಲಿ. ಕಚ್ಚಿನ ಜಾಗದಿಂದ ಎರಡು ಗೆರೆ ಎಳೆಯೋಣ: ಒಂದು ಇರಬೇಕಾದ ಫೋರ್‌ಸೈಟಿನ ತುದಿಯ ಮೂಲಕ, ಇನ್ನೊಂದು ಈಗಿರುವ ಫೋರ್‌ಸೈಟಿನ ತುದಿಯ ಮೂಲಕ. ಎರಡೂ ಗೆರೆಗಳು ಗುರಿಹಲಗೆಯನ್ನು ಮುಟ್ಟುವವರೆಗೆ ಬೆಳೆಸಿದರೆ ಒಂದು ಪುಟ್ಟ ತ್ರಿಭುಜ, ಒಂದು ದೊಡ್ಡ ತ್ರಿಭುಜ. ದೊಡ್ಡದು ಪುಟ್ಟದರ 125 ಪಟ್ಟು. ಆದ್ದರಿಂದ ಫೋರ್‌ಸೈಟಿನಲ್ಲಿ ಆದ ತಪ್ಪು ಗುರಿಯಲ್ಲಿ 125 ಪಟ್ಟಾಗಿ ಕಾಣುತ್ತದೆ. ಗುಂಡು 190 ಮಿಲಿಮೀಟರ್ ಕೆಳಗೆ ಬಿದ್ದಿದೆ. 125ರಿಂದ ಭಾಗಿಸಿದರೆ ಒಂದೂವರೆ ಮಿಲಿಮೀಟರ್. ಹೊಸ ಫೋರ್‌ಸೈಟ್ ಬೇಕಾದುದಕ್ಕಿಂತ ಒಂದೂವರೆ ಮಿಲಿಮೀಟರ್ ಎತ್ತರವಾಗಿದೆ. ಒಂದು ಅಕ್ಕಿಕಾಳಿನ ದಪ್ಪ ಅಷ್ಟೇ!

ಎತ್ತರ ಹೆಚ್ಚಾದರೆ ಗುಂಡು ಮೇಲೆ ಹೋಗಬೇಕಲ್ಲವೆ, ಕೆಳಗೆ ಹೇಗೆ ಹೋಯಿತು? ಇಲ್ಲಿ ಬಹಳ ಜನ ಎಡವುತ್ತಾರೆ. ಹೊಡೆಯುವವನು ಫೋರ್‌ಸೈಟಿನ ತುದಿಯನ್ನು ಕಚ್ಚಿನ ಅಂಚಿಗೆ ಸಮವಾಗಿ ತಂದುಕೊಳ್ಳುತ್ತಾನೆ. ತುದಿ ಎತ್ತರವಿದ್ದರೆ ಸಮ ಮಾಡಲು ನಳಿಗೆಯ ಮೂತಿಯನ್ನೇ ಕೆಳಗೆ ಇಳಿಸಬೇಕಾಗುತ್ತದೆ. ಮೂತಿ ಇಳಿದರೆ ಗುಂಡೂ ಇಳಿಯಿತು. ಆದ್ದರಿಂದ ಫೋರ್‌ಸೈಟನ್ನು ಯಾವ ಕಡೆ ಸರಿಸಿದರೂ ಗುಂಡು ಅದರ ವಿರುದ್ಧ ದಿಕ್ಕಿಗೆ ಹೋಗುತ್ತದೆ. ಬ್ಯಾಕ್‌ಸೈಟನ್ನು ಸರಿಸಿದರೆ ಅದು ಸರಿದ ದಿಕ್ಕಿಗೇ ಹೋಗುತ್ತದೆ. ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ಸ್ಕೇಲಿನ ಎರಡು ತುದಿಗೆ ಎರಡು ಗುಂಡುಸೂಜಿ ಅಂಟಿಸಿ, ಗೋಡೆಯ ಮೇಲಿನ ಕ್ಯಾಲೆಂಡರಿನ ಒಂದು ತಾರೀಖಿಗೆ ಗುರಿ ಹಿಡಿದು, ಮುಂದಿನ ಸೂಜಿಯನ್ನು ಸ್ವಲ್ಪ ಎತ್ತರಿಸಿ ನೋಡಿದರೆ ಸಾಕು. ಸ್ಕೇಲು ತಾನಾಗಿ ತಲೆ ತಗ್ಗಿಸುತ್ತದೆ.

ಗುಂಡು ನಳಿಗೆಯಿಂದ ಹೊರಬಿದ್ದ ಮೇಲೆ ಸ್ವಲ್ಪ ದೂರ ಮೇಲಕ್ಕೆ ಏರುತ್ತದೆ ಎಂದು ತಿಳಿದವರಿದ್ದಾರೆ. ಗುಂಡಿಗೆ ರೆಕ್ಕೆ ಇಲ್ಲ. ನಳಿಗೆ ಬಿಟ್ಟ ಕ್ಷಣದಿಂದಲೇ ಗುರುತ್ವ ಅದನ್ನು ಕೆಳಗೆ ಎಳೆಯುತ್ತಿರುತ್ತದೆ, ಮರದಿಂದ ಬಿದ್ದ ಮಾವಿನಕಾಯಿಯನ್ನು ಎಳೆದಷ್ಟೇ ನಿಷ್ಠೆಯಿಂದ. ಥರ್ಟಿ-ಥರ್ಟಿಯ ವೇಗ ಸೆಕೆಂಡಿಗೆ ಸುಮಾರು 700 ಮೀಟರ್ ಎಂದು ಹಿಡಿದು, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, 50 ಮೀಟರ್ ಹೋಗುವಷ್ಟರಲ್ಲಿ ಎರಡೂವರೆ ಸೆಂಟಿಮೀಟರ್, 100 ಮೀಟರ್ ಹೋಗುವಷ್ಟರಲ್ಲಿ 10 ಸೆಂಟಿಮೀಟರ್ ಬಿದ್ದಿರುತ್ತದೆ. ದೂರ ಎರಡು ಪಟ್ಟು, ಬೀಳುವುದು ನಾಲ್ಕು ಪಟ್ಟು. ಇದನ್ನು ಸರಿದೂಗಿಸಲು ನೋಟದ ಗೆರೆಗೆ ಹೋಲಿಸಿದರೆ ನಳಿಗೆ ತುಸು ಮೇಲ್ಮುಖವಾಗಿರುವಂತೆ ಎರಡು ಗೂಟಗಳ ಎತ್ತರವನ್ನು ಹೊಂದಿಸಿರುತ್ತಾರೆ. 'ಏರುತ್ತದೆ' ಎಂಬ ಭ್ರಮೆ ಹುಟ್ಟುವುದು ಇಲ್ಲಿಂದ.

ಇನ್ನು ಕೂರಿಸುವ ಕೆಲಸ. ಹಳೆಯ ಲಿವರ್ ರೈಫಲುಗಳಲ್ಲಿ ಬ್ಯಾಕ್‌ಸೈಟಿನ ಪಾದ, ಹಲವುಗಳಲ್ಲಿ ಫೋರ್‌ಸೈಟಿನದೂ, ಅಡ್ಡಕ್ಕೆ ಕೊರೆದ ಒಂದು ಗಾಡಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಗಾಡಿಯ ಬಾಯಿ ಕಿರಿದು, ತಳ ಅಗಲ; ಗಣಿತದ ಭಾಷೆಯಲ್ಲಿ ತ್ರಾಪಿಜ್ಯ. ಮೇಲಕ್ಕೆ ಎಳೆದರೆ ಬಾರದು, ಪಕ್ಕಕ್ಕೆ ಹೊಡೆದರೆ ಸರಿಯುತ್ತದೆ. ಬಡಗಿಗಳು ಪೆಟ್ಟಿಗೆಯ ಮೂಲೆ ಕೂಡಿಸುವಾಗ ಇದೇ ಉಪಾಯ ಮಾಡುತ್ತಾರೆ. ಅಮೆರಿಕದ ರೈಫಲುಗಳಲ್ಲಿ ಈ ಗಾಡಿಯ ಸಾಮಾನ್ಯ ಅಳತೆ ಅಂಗುಲದ ಎಂಟರಲ್ಲಿ ಮೂರು ಭಾಗ, ಸುಮಾರು ಒಂಬತ್ತೂವರೆ ಮಿಲಿಮೀಟರ್. ಬಲ್ಲ ಕೆಲಸಗಾರ ಮೊದಲು ತೋಟಾ ಇಲ್ಲವೆಂದು ಎರಡೆರಡು ಸಲ ನೋಡಿಕೊಳ್ಳುತ್ತಾನೆ. ಹಿಡಿದವನ ಎಡದಿಂದ ಬಲಕ್ಕೆ ಹಳೆಯದನ್ನು ಹೊಡೆದು ತೆಗೆಯುತ್ತಾನೆ, ಹೊಸದನ್ನು ಬಲದಿಂದ ಎಡಕ್ಕೆ ಕೂರಿಸುತ್ತಾನೆ. ಇದು ಹಳೆಯ ಪದ್ಧತಿ. ಸುತ್ತಿಗೆಯ ಏಟು ನೇರವಾಗಿ ಬೀಳದಂತೆ ನಡುವೆ ಹಿತ್ತಾಳೆಯ ಕಡ್ಡಿ ಇಡುತ್ತಾನೆ. ಉಕ್ಕಿಗಿಂತ ಹಿತ್ತಾಳೆ ಮೆದು, ಗಾಯವಾದರೆ ಅದಕ್ಕೇ ಆಗಲಿ ಎಂದು. ಹೊಸ ಪಾದ ಬಿಗಿಯಾದರೆ ಅರದಿಂದ ಉಜ್ಜಬೇಕಾದದ್ದು ಪಾದವನ್ನು, ನಳಿಗೆಯ ಗಾಡಿಯನ್ನಲ್ಲ. ಪಾದ ಕೆಟ್ಟರೆ ಇನ್ನೊಂದು ತರಬಹುದು, ನಳಿಗೆ ಕೆಟ್ಟರೆ ರೈಫಲೇ ಹೋಯಿತು. ಅರ್ಜೆಂಟಿನ ಕೈಗಳು ತಪ್ಪುವುದು ಇಲ್ಲಿಯೇ.

ಅಜ್ಜನ ರಿಪೇರಿಯವನು ಎತ್ತರದ ಫೋರ್‌ಸೈಟ್ ಹಾಕಿದ್ದನ್ನು ತಪ್ಪು ಎನ್ನಲಾಗದು. ತಿಳಿದವರು ಮಾಡುವುದೇ ಹಾಗೆ. ಎತ್ತರವಿದ್ದರೆ ಉಜ್ಜಿ ಇಳಿಸಬಹುದು. ಗಿಡ್ಡದಿದ್ದರೆ ಬೆಳೆಸಲು ಬರುವುದಿಲ್ಲ. ವರ್ನಿಯರ್ ಕ್ಯಾಲಿಪರ್ ಹಿಡಿದು, ಒಂದೊಂದು ಸಲಕ್ಕೆ ಕಾಲು ಮಿಲಿಮೀಟರಿನಷ್ಟು ಉಜ್ಜಿ, ಮತ್ತೆ ಮೂರು ಗುಂಡು ಹಾರಿಸಿ, ಮೂರರ ನಡುಬಿಂದುವನ್ನು ಗುರುತಿಸಿ ನೋಡಬೇಕು. ಒಂದೇ ಗುಂಡನ್ನು ನಂಬಿ ಉಜ್ಜಿದವರು ಪಶ್ಚಾತ್ತಾಪ ಪಟ್ಟಿದ್ದಾರೆ. ಆ ಒಂದು ಗುಂಡಿನಲ್ಲಿ ಕೈಯ ನಡುಕವೆಷ್ಟು, ಕಬ್ಬಿಣದ ತಪ್ಪೆಷ್ಟು ಎಂದು ಹೇಳುವವರು ಯಾರು? ಪ್ರಯೋಗಾಲಯದಲ್ಲಿ ಲೋಲಕದ ಕಾಲವನ್ನು ಮತ್ತೆ ಮತ್ತೆ ಅಳೆದು ಸರಾಸರಿ ತೆಗೆಯಿರಿ ಎಂದು ಮೇಷ್ಟರು ಗಂಟಲು ಹರಿದುಕೊಳ್ಳುವುದೂ ಇದಕ್ಕೇ.

ಎತ್ತರ ಸರಿಹೋಯಿತು. ಗುಂಡುಗಳ ನಡುಬಿಂದು ಈಗ ಕಪ್ಪು ಚುಕ್ಕೆಯ ಮೇಲೇ ಇದೆ. ಆದರೆ ಗುಂಡುಗಳು ಒಂದರ ಬಳಿ ಒಂದು ಬೀಳುತ್ತಿಲ್ಲ, ಬಿತ್ತಿದ ಕಾಳಿನಂತೆ ಚದುರಿವೆ. "ಕಚ್ಚು ಮಸುಕು ಮಸುಕು ಕಾಣತೈತಿ, ತಮ್ಮಾ," ಎನ್ನುತ್ತಾರೆ ಅಜ್ಜ. ಈಗ ರಿಪೇರಿಯವನ ಅರಕ್ಕೆ ಕೆಲಸವಿಲ್ಲ.

ಕಣ್ಣು ಒಂದು ಸಲಕ್ಕೆ ಒಂದೇ ದೂರಕ್ಕೆ ಸ್ಪಷ್ಟವಾಗಿ ನೆಡಬಲ್ಲದು. ಇಲ್ಲಿ ನೋಡಬೇಕಾದವು ಮೂರು: 45 ಸೆಂಟಿಮೀಟರ್ ದೂರದ ಕಚ್ಚು, 85 ಸೆಂಟಿಮೀಟರ್ ದೂರದ ಫೋರ್‌ಸೈಟ್, 50 ಮೀಟರ್ ದೂರದ ಗುರಿ. ಹದಿನೈದರ ಹುಡುಗನ ಕಣ್ಣಿನ ಮಸೂರ ಮೃದುವಾಗಿರುತ್ತದೆ, ಸರಸರನೆ ದಪ್ಪಗಾಗಿ ತೆಳ್ಳಗಾಗಿ ಮೂರರ ನಡುವೆ ಓಡಾಡುತ್ತದೆ. ಮೂರೂ ಒಟ್ಟಿಗೆ ಕಂಡಂತೆ ಅವನಿಗೆ ಅನ್ನಿಸುತ್ತದೆ. ನಲವತ್ತು ದಾಟಿದ ಮೇಲೆ ಮಸೂರ ಬಿರುಸಾಗಿ ಹತ್ತಿರದ್ದು ಮಸುಕಾಗತೊಡಗುತ್ತದೆ. ಓದುವ ಕನ್ನಡಕಕ್ಕೆ ನಮ್ಮಲ್ಲಿ ಚಾಳೀಸು ಎನ್ನುತ್ತಾರಲ್ಲ, ಆ ಹೆಸರು ನಲವತ್ತರಿಂದಲೇ ಬಂದದ್ದು. ಅಜ್ಜ ಚಾಳೀಸು ಹಾಕಿಕೊಂಡರೆ ಕಚ್ಚು ಸ್ಪಷ್ಟ, ಗುರಿ ಮಾಯ. ತೆಗೆದರೆ ಗುರಿ ಸ್ಪಷ್ಟ, ಕಚ್ಚು ಮಾಯ.

ಮೂರರಲ್ಲಿ ಒಂದನ್ನೇ ಆರಿಸಬೇಕಾದರೆ ಯಾವುದನ್ನು? ಗುರಿಯನ್ನು ಎಂದು ಎಲ್ಲರೂ ಹೇಳುತ್ತಾರೆ. ಎನ್‌ಸಿಸಿಯಲ್ಲಿ ಕಲಿಸುವುದು ಬೇರೆ: ಫೋರ್‌ಸೈಟಿನ ತುದಿ ನೋಡು. ಕಾರಣ ಮತ್ತೆ ಆ ತ್ರಿಭುಜದಲ್ಲೇ ಇದೆ. ಎರಡು ಗೂಟಗಳು ಸಾಲಾಗಿಯೇ ಇದ್ದು, ರೈಫಲ್ ಪೂರ್ತಿಯಾಗಿ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡೂ ಅರ್ಧ ಮಿಲಿಮೀಟರ್ ಸರಿಯುತ್ತದೆ. ಫೋರ್‌ಸೈಟ್ ಮಾತ್ರ ಕಚ್ಚಿನೊಳಗೆ ಅರ್ಧ ಮಿಲಿಮೀಟರ್ ಸರಿದರೆ? ಆರು ಸೆಂಟಿಮೀಟರ್. ಗುರಿ ಸ್ವಲ್ಪ ಮಸುಕಾದರೆ ಅಷ್ಟು ಕಳೆದುಕೊಳ್ಳುವುದಿಲ್ಲ.

ಅಜ್ಜನಂಥವರಿಗೆ ಹಳಬರು ಕಂಡುಕೊಂಡ ದಾರಿ ಒಂದಿದೆ. ಹೋರಿಯ ಕೊಂಬಿನಂತೆ ಎರಡು ಕಡೆ ಬಾಗಿದ ಆ ಕಚ್ಚಿನ ಪಟ್ಟಿಯನ್ನು ತೆಗೆದು, ಕಣ್ಣಿನ ಸಮೀಪಕ್ಕೆ ಬರುವಂತೆ ರೈಫಲಿನ ಹಿಂಭಾಗದಲ್ಲಿ ಸಣ್ಣ ತೂತಿರುವ ಬಿಲ್ಲೆಯನ್ನು ಕೂರಿಸುವುದು. ತೂತಿನ ಮೂಲಕ ನೋಡಿದಾಗ ಕಣ್ಣಿಗೆ ಬರುವ ಬೆಳಕಿನ ಕಂತೆ ಸಣ್ಣದಾಗುತ್ತದೆ. ಕಂತೆ ಸಣ್ಣದಾದರೆ ಅಕ್ಷಿಪಟಲದ ಮೇಲೆ ಮಸುಕಿನ ಚುಕ್ಕೆಯೂ ಸಣ್ಣದಾಗುತ್ತದೆ. ಮಸೂರ ಸರಿಯಾಗಿ ನೆಡದಿದ್ದರೂ ಫೋರ್‌ಸೈಟೂ ಗುರಿಯೂ ತಕ್ಕಮಟ್ಟಿಗೆ ಒಟ್ಟಿಗೇ ಸ್ಪಷ್ಟವಾಗುತ್ತವೆ. ತೂತನ್ನು ನೋಡಬೇಕಾಗಿಯೇ ಇಲ್ಲ. ವೃತ್ತದ ನಡುವನ್ನು ಕಣ್ಣು ತಾನಾಗಿ ಹುಡುಕಿಕೊಳ್ಳುತ್ತದೆ. ಲಾಭ ಇನ್ನೂ ಒಂದಿದೆ. ಗೂಟಗಳ ನಡುವಿನ ದೂರ 400ರಿಂದ ಸುಮಾರು 650 ಮಿಲಿಮೀಟರಿಗೆ ಏರುತ್ತದೆ, 125 ಪಟ್ಟು ಇದ್ದದ್ದು 77 ಪಟ್ಟಿಗೆ ಇಳಿಯುತ್ತದೆ. ಅದೇ ಕೈ, ಅದೇ ನಡುಕ, ತಪ್ಪು ಮಾತ್ರ ಕಡಿಮೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ಸ್ಪರ್ಧೆಯ ಕಂಚು ಗೆದ್ದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ನೋಡಿದ್ದೂ ಇಂಥ ತೂತಿನ ಮೂಲಕವೇ. ಆ ಸ್ಪರ್ಧೆಯಲ್ಲಿ ದೂರದರ್ಶಕಕ್ಕೆ ಅವಕಾಶವಿಲ್ಲ. ಹತ್ತು ಅಂಕದ ವೃತ್ತದ ವ್ಯಾಸ ಹತ್ತು ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು.

ತೊಡಕೂ ಇದೆ. ಕೆಲವು ಹಳೆಯ ರೈಫಲುಗಳಲ್ಲಿ ಈ ಬಿಲ್ಲೆಗೆ ಬೇಕಾದ ತಿರುಪಿನ ತೂತುಗಳಿರುವುದಿಲ್ಲ. ಹೊಸದಾಗಿ ಕೊರೆದರೆ ಹಳೆಯ ವಸ್ತುವಿನ ಬೆಲೆ ಇಳಿಯುತ್ತದೆ, ಅಪ್ಪನ ವಸ್ತುವಿಗೆ ಗಾಯ ಮಾಡಿದಂತೆಯೂ ಆಗುತ್ತದೆ. ಬಿಲ್ಲೆ ಕಚ್ಚಿಗಿಂತ ಎತ್ತರದಲ್ಲಿ ಕೂರುವುದರಿಂದ, ಅಷ್ಟು ಕಷ್ಟಪಟ್ಟು ಉಜ್ಜಿ ಇಳಿಸಿದ ಫೋರ್‌ಸೈಟನ್ನು ಕಿತ್ತು ಮತ್ತೆ ಎತ್ತರದ್ದನ್ನೇ ಹಾಕಬೇಕಾಗಬಹುದು! ಮೊದಲೇ ಕಣ್ಣಿನ ವಿಚಾರ ಕೇಳಿದ್ದರೆ ಈ ಎರಡು ಖರ್ಚು ತಪ್ಪುತ್ತಿತ್ತು.

ಫೋರ್‌ಸೈಟಿನ ತುದಿಗೆ ಹೊಳೆಯುವ ಹಿತ್ತಾಳೆಯ ಮಣಿ ಬೇಕೆಂದು ಆಸೆಪಡುವವರು ಒಂದು ಮಾತು ತಿಳಿದಿರಲಿ. ಬಲಗಡೆಯಿಂದ ಬಿಸಿಲು ಬಿದ್ದರೆ ಮಣಿಯ ಬಲಭಾಗವಷ್ಟೇ ಹೊಳೆಯುತ್ತದೆ. ಕಣ್ಣು ಆ ಹೊಳಪನ್ನೇ ಮಣಿಯ ನಡು ಎಂದು ಭ್ರಮಿಸುತ್ತದೆ, ಗುಂಡು ಎಡಕ್ಕೆ ಹೋಗುತ್ತದೆ. ಬೆಳಕಿನಿಂದ ದೂರಕ್ಕೆ, ಯಾವಾಗಲೂ. ಚಪ್ಪಟೆ ಮುಖದ ಕಪ್ಪು ತುದಿಗೆ ಈ ಕಾಯಿಲೆ ಇಲ್ಲ. ಹಿಂದಿನ ಸ್ಪರ್ಧಾಳುಗಳು ದೀಪದ ಹೊಗೆ ಹಿಡಿದು ತುದಿಯನ್ನು ಕಪ್ಪು ಮಾಡಿಕೊಳ್ಳುತ್ತಿದ್ದರು. ನಮ್ಮ ಮನೆಗಳಲ್ಲಿ ಕೂಸಿನ ಕಣ್ಣಿಗೆ ಕಾಡಿಗೆ ಮಾಡುವ ವಿಧಾನವೇ.

ಅಜ್ಜನ ಲೈಸೆನ್ಸು ಬೆಳೆ ರಕ್ಷಣೆಯ ಹೆಸರಿನದು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆದದ್ದು, 119 ಚದರ ಕಿಲೋಮೀಟರಿನಷ್ಟು ವಿಸ್ತಾರ. ಅದರ ಆಸುಪಾಸಿನ ಹೊಲಗಳಿಗೆ ಮೃಗಗಳು ಇಳಿದು ಬೆಳೆ ಮೇಯುವುದು ಹಳೆಯ ದೂರು. ಆದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೃಷ್ಣಮೃಗ ಮೊದಲ ಪಟ್ಟಿಯ ಪ್ರಾಣಿ, ಅದರ ಮೇಲೆ ಗುಂಡು ಹಾರಿಸುವಂತಿಲ್ಲ. ಹೆದರಿಸಲೆಂದು ಗಾಳಿಯಲ್ಲಿ ಹಾರಿಸಿದ ಗುಂಡೂ ಎಲ್ಲೋ ಬೀಳಲೇಬೇಕು. ಈ ಬಗೆಯ ರೈಫಲಿನ ಗುಂಡು ಎರಡು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಎರಡು ಕಿಲೋಮೀಟರ್ ಎಂದರೆ ಪಕ್ಕದ ಊರಿನ ಕಣ, ಶಾಲೆಯ ಬಯಲು, ಮೆಣಸಿನಕಾಯಿ ಬಿಡಿಸುವ ಹೆಣ್ಣುಮಕ್ಕಳ ಸಾಲು. ಅಲ್ಲಿ ಸಮರೂಪ ತ್ರಿಭುಜಕ್ಕೆ ಕೆಲಸವಿಲ್ಲ. ಕಬ್ಬಿಣದ ಗೂಟಗಳು ಎಷ್ಟೇ ಸರಿಯಿದ್ದರೂ ಆಕಾಶಕ್ಕೆ ಗುರಿ ಎಂಬುದಿಲ್ಲ.

ಬಿಲ್ಲೆ ಹಾಕಿಸುವುದೋ ಬಿಡುವುದೋ ಎಂದು ಅಜ್ಜನಿಗೆ ತೀರ್ಮಾನವಾಗಿಲ್ಲ. ತೂತಿನ ಮಾತನ್ನು ಅವರು ನಂಬಿಯೂ ಇಲ್ಲ. "ತೂತಿನ್ಯಾಗ ನೋಡಿದ್ರ ಕಣ್ಣು ಬರ್ತಾವಂತ? ಹೋಗೋ!" ಮೊಮ್ಮಗ ಒಂದು ಹಳೆಯ ಅಂಚೆ ಕಾರ್ಡಿಗೆ ಗುಂಡುಸೂಜಿಯಿಂದ ತೂತು ಮಾಡಿ ತಂದ. ಅಂಗಳದ ಬಿಸಿಲಿನಲ್ಲಿ ಚಾಳೀಸು ತೆಗೆಸಿ, ಕಾರ್ಡನ್ನು ಅವರ ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಪಂಚಾಂಗವನ್ನು ಮುಂದಿಟ್ಟ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಮೆಲ್ಲಗೆ ಓದತೊಡಗಿದರು: ತಿಥಿ, ವಾರ, ನಕ್ಷತ್ರ. ಅರ್ಧ ಪುಟ ಮುಗಿಯಿತು. ಕಾರ್ಡನ್ನು ವಾಪಸು ಕೊಡದೆ ಪಂಚಾಂಗದೊಳಗೇ ಇಟ್ಟುಕೊಂಡು, "ರೈಫಲ್ ಸುದ್ದಿ ಸುಗ್ಗಿ ಆದಮ್ಯಾಲ ನೋಡೂಣು," ಎಂದು ಒಳಗೆ ಹೋದರು.